ಅಂಗಡಿಯ ಹಿಂದಿನ ಕೋಣೆಯಲ್ಲಿ ಎಂತ ಉಂಟು ಅಂತ ಒಮ್ಮೆ ಕೇಳಿ, ಪ್ರೆಸಿಡೆಂಟ್ರೇ

ನಮ್ಮ ಪಂಚಾಯತಿನ ಪ್ರೆಸಿಡೆಂಟ್ರಿಗೆ, ಸೆಕ್ರೆಟರಿಯವರಿಗೆ, ಎಲ್ಲ ವಾರ್ಡಿನ ಮೆಂಬರ್‌ಗಳಿಗೆ, ಮತ್ತೆ ಇದನ್ನು ಓದುವ ಮಂಜೇಶ್ವರ, ಕಾಸರಗೋಡು ಕಡೆಯ ಎಲ್ಲ ಅಂಗಡಿಯವರಿಗೆ ನಮಸ್ಕಾರ.

ನಾನು ಪೇಟೆಯಲ್ಲಿ ಹಾರ್ಡ್‌ವೇರ್ ಮತ್ತೆ ಪೈಂಟ್ ಅಂಗಡಿ ಇಟ್ಟವ, ಸ್ವಲ್ಪ ಅಡಿಕೆ ತೋಟವೂ ಉಂಟು. ಪಂಚಾಯತಿನ ಹೆಸರು ಹಾಕಿಲ್ಲ, ಯಾಕಂದ್ರೆ ಇದು ಒಂದು ಪಂಚಾಯತಿನ ಮೇಲಿನ ದೂರು ಅಲ್ಲ, ತಲಪಾಡಿಯಿಂದ ಚಂದ್ರಗಿರಿ ಹೊಳೆವರೆಗೆ ಯಾವ ಪಂಚಾಯತಿನವರು ಓದಿದ್ರೂ ಅವರಿಗೇ ಬರ್ದದ್ದು ಅಂತ ಅನ್ನಿಸ್ಬಹುದು. ಕೇಳುದು ಒಂದೇ ವಿಷಯ. ಅಂಗಡಿಗೆ, ವರ್ಕ್‌ಶಾಪಿಗೆ, ಗೋಡೌನಿಗೆ ಲೈಸನ್ಸ್ ಕೊಡುವಾಗ, ರಿನ್ಯೂ ಮಾಡುವಾಗ, ಅದರ ಒಳಗೆ ಬೆಂಕಿ ಹಿಡಿಯುವಂಥದ್ದು, ಮೈ ಸುಡುವಂಥದ್ದು, ವಿಷದ್ದು ಎಂತೆಂತ ಉಂಟು, ಎಷ್ಟು ಉಂಟು, ಎಲ್ಲಿ ಇಟ್ಟಿದ್ದಾರೆ, ಅದರ ಕಸ ಯಾರು ತಗೊಂಡು ಹೋಗ್ತಾರೆ ಅಂತ ಒಂದು ಕಾಗದದಲ್ಲಿ ಬರೆಸಿ. ಅದರ ಒಂದು ಕಾಪಿ ಅಂಗಡಿ ಎದುರು ಕನ್ನಡದಲ್ಲಿ, ಮಲಯಾಳದಲ್ಲಿ ತೂಗಲಿ, ಒಂದು ನಿಮ್ಮ ಆಫೀಸಲ್ಲಿರ್ಲಿ, ಒಂದು ಫಯರ್ ಸ್ಟೇಷನಿಗೆ ಹೋಗ್ಲಿ. ಅಷ್ಟೇ.

ಈಗ ಎಂತ ಆಗ್ತದೆ ಅಂತ ಹೇಳ್ತೇನೆ. ನಮ್ಮದು ಡಿ ಆಂಡ್ ಓ ಲೈಸನ್ಸ್, ಅಂದ್ರೆ 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯ 232ನೇ ಸೆಕ್ಷನಿನಡಿ ಅಪಾಯದ್ದು, ಉಪದ್ರದ್ದು ಅಂತ ಲೆಕ್ಕ ಹಾಕಿದ ವ್ಯಾಪಾರಕ್ಕೆ ಪಂಚಾಯತ್ ಕೊಡುವ ಪರ್ಮಿಶನ್. ಮೊದ್ಲು ಪಂಚಾಯತಿನ ಕೌಂಟರಿನಲ್ಲಿ ಕ್ಯೂ ನಿಲ್ತಾ ಇದ್ದೆವು, ಈಗ ಕೆ-ಸ್ಮಾರ್ಟ್ ಅಂತ ಸರ್ಕಾರದ ಆನ್‌ಲೈನ್ ವ್ಯವಸ್ಥೆ ಬಂದ ಮೇಲೆ, ಅರ್ಜಿ ಹಾಕಿಕೊಡುವ ಅಕ್ಷಯ ಸೆಂಟರಿನಲ್ಲಿ ನಿಲ್ತೇವೆ. ಬಿಲ್ಡಿಂಗ್ ಟ್ಯಾಕ್ಸ್ ಕಟ್ಟಿದ್ದೀರಾ, ಬಾಡಿಗೆ ಎಗ್ರಿಮೆಂಟ್ ಉಂಟಾ, ಕಸ ತಗೊಂಡು ಹೋಗುವ ಹರಿತ ಕರ್ಮ ಸೇನೆಗೆ ಯೂಸರ್ ಫೀ ಕೊಟ್ಟ ರಶೀದಿ ಉಂಟಾ, ಎಲ್ಲ ಕೇಳ್ತೀರಿ. ಕೇಳ್ಬೇಕಾದ್ದೇ, ತಪ್ಪಲ್ಲ. ಪ್ಲಾಸ್ಟಿಕ್ ಕವರಿನ ವಿಷಯದಲ್ಲಂತೂ ನಿಮ್ಮ ಕೆಲಸ ಮೆಚ್ಚಬೇಕು, ಹತ್ತು ವರ್ಷ ಹಿಂದೆ ನಮ್ಮ ಮಾರ್ಗದ ಬದಿ ಹೇಗಿತ್ತು ಈಗ ಹೇಗುಂಟು ಅಂತ ಎಲ್ಲರಿಗೂ ಕಾಣ್ತದೆ. ಆದ್ರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ತಿನ್ನರ್ ಎಷ್ಟು ಲೀಟರ್ ಉಂಟು, ಆಸಿಡ್ ಕ್ಯಾನ್ ಬ್ಲೀಚಿಂಗ್ ಪೌಡರಿನ ಗೋಣಿಯ ಬದಿಯಲ್ಲೇ ಇಟ್ಟಿದ್ದೀಯಾ ಅಂತ ನನ್ನತ್ರ ಇವತ್ತಿನವರೆಗೆ ಒಬ್ಬರೂ ಕೇಳಿದ್ದಿಲ್ಲ. ಅವೆರಡು ಒಂದಕ್ಕೊಂದು ತಾಗಿದ್ರೆ ಬರುದು ಕ್ಲೋರಿನ್ ಗ್ಯಾಸು, ಗಾಳಿಗಿಂತ ಭಾರದ್ದು, ನೆಲ ಹಿಡ್ಕೊಂಡೇ ಹರಡ್ತದೆ. ನಮ್ಮ ಅಂಗಡಿ ಮೇಲಿನ ಮಾಳಿಗೆಯಲ್ಲಿ ಟ್ಯೂಷನ್ ಸೆಂಟರ್ ಉಂಟು, ಮಕ್ಕಳಿಗೆ ಇಳಿಲಿಕ್ಕೆ ಇರುದು ನಮ್ಮ ಬಾಗಿಲಿನ ಬದಿಯ ಅದೊಂದೇ ಮೆಟ್ಟಿಲು.

ಮೊನ್ನೆ ಬೇಸಗೆಯಲ್ಲಿ ಹತ್ತಿರದ ಒಂದು ಪೇಟೆಯಲ್ಲಿ ರಾತ್ರಿ ಬೆಂಕಿ ಬಿತ್ತು. ಸಾಲು ಅಂಗಡಿ, ಒಂದೇ ಮಾಡಿನಡಿ. ಫಯರ್ ಗಾಡಿ ಬಂತು, ಬಂದವರು ಇಳಿದ ಕೂಡ್ಲೇ ಮೊದ್ಲು ಕೇಳಿದ್ದು ನೀರು ಎಲ್ಲಿ ಅಂತ ಅಲ್ಲ, ಒಳಗೆ ಎಂತ ಉಂಟು ಅಂತ. ಅಲ್ಲಿ ಸುಮಾರು ಜನ ಸೇರಿದ್ದರು, ವಿಡಿಯೋ ಮಾಡುವವರೂ ಇದ್ದರು, ಒಬ್ಬನಿಗೂ ಗೊತ್ತಿಲ್ಲ. ಓನರ್ ಮದುವೆಗೆ ಅಂತ ಮಂಗಳೂರಿಗೆ ಹೋಗಿದ್ದರು, ಫೋನ್ ತೆಗೀತಿಲ್ಲ. ಕೊನೆಗೆ ಬದಿಯ ಅಂಗಡಿಯ ಹಿಂದಿ ಹುಡುಗ ಒಬ್ಬ ಬಂದು ವೆಲ್ಡಿಂಗ್‌ದು ಗ್ಯಾಸ್ ಉಂಟು ಅಂತ ಕೈಸನ್ನೆಯಲ್ಲಿ ಹೇಳಿದ. ಅಸಿಟಿಲಿನ್ ಸಿಲಿಂಡರ್ ಬೆಂಕಿಗೆ ಒಮ್ಮೆ ಕಾದ್ರೆ ಬೆಂಕಿ ಆರಿದ ಮೇಲೂ ಗಂಟೆಗಟ್ಟಲೆ ಒಡೀಲಿಕ್ಕೆ ಚಾನ್ಸ್ ಉಂಟು, ದೂರದಿಂದ ನೀರು ಹಾಯಿಸ್ತಾ ತಂಪು ಮಾಡ್ತಾ ಇರ್ಬೇಕು, ಹತ್ರ ಹೋಗ್ಲಿಕ್ಕಿಲ್ಲ. ಇದು ಗೊತ್ತಿದ್ದದ್ದರಿಂದ ಆ ಫಯರಿನವರು ಜನರನ್ನೆಲ್ಲ ಮಾರ್ಗದಿಂದ ಆಚೆಗೆ ಓಡಿಸಿದ್ರು, ಬೈಗುಳವೂ ತಿಂದ್ರು. ಯಾರಿಗೂ ಎಂತದೂ ಆಗ್ಲಿಲ್ಲ. ನಮ್ಮ ಪುಣ್ಯ ಅಂತ ಎಲ್ಲರೂ ಹೇಳಿದ್ರು, ನಾನೂ ಹೇಳಿದೆ, ಆದ್ರೆ ಆ ಹುಡುಗ ಊರಿಗೆ ಹೋಗಿದ್ರೆ ಎಂತ ಮಾಡ್ತಿದ್ದೆವು ಮಾರಾಯ್ರೆ?

2024ರ ಅಕ್ಟೋಬರಿನಲ್ಲಿ ನೀಲೇಶ್ವರದ ಒಂದು ದೇವಸ್ಥಾನದಲ್ಲಿ ಕಳಿಯಾಟದ, ಅಂದ್ರೆ ತೆಯ್ಯಂ ಉತ್ಸವದ ದಿನ ಪಟಾಕಿ ಇಟ್ಟ ಜಾಗಕ್ಕೆ ಕಿಡಿ ಬಿದ್ದು 150ಕ್ಕಿಂತ ಹೆಚ್ಚು ಜನರಿಗೆ ಗಾಯ ಆಯ್ತು, ಪ್ರಾಣವೂ ಹೋಯ್ತು. ಪರ್ಮಿಶನ್ ತಗೊಂಡಿರ್ಲಿಲ್ಲ ಅಂತ ಹೊರಗೆ ಬಂದದ್ದು ಎಲ್ಲ ಮುಗಿದ ಮೇಲೆ. ಅಲ್ಲಿ ನಿಂತಿದ್ದ ಹೆಂಗಸರು ಮಕ್ಕಳಿಗೆ ಬದಿಯ ಶೆಡ್ಡಿನಲ್ಲಿ ಎಂತ ಉಂಟು ಅಂತ ಒಂದು ಬೋರ್ಡ್ ಇದ್ದಿದ್ರೆ ಅಷ್ಟು ಹತ್ತಿರ ನಿಲ್ತಿದ್ರಾ?

ಬೆಂಕಿ ಆದ್ರೆ ಪೇಪರಿನಲ್ಲಾದ್ರೂ ಬರ್ತದೆ, ಆಯಿಲ್ ಹಾಗಲ್ಲ, ಅದು ಸದ್ದಿಲ್ಲದೆ ಹೋಗುವಂಥದ್ದು. ನಮ್ಮ ತೋಟದ ಮೇಲ್ಗಡೆ, ಮಾರ್ಗದ ಬದಿ, ಒಂದು ವರ್ಕ್‌ಶಾಪ್ ಉಂಟು. ಒಳ್ಳೇ ಹುಡುಗರು, ನನ್ನ ಪಿಕ್‌ಅಪ್ಪೂ ಅಲ್ಲೇ ರಿಪೇರಿ ಆಗುದು. ಹಳೇ ಇಂಜಿನ್ ಆಯಿಲ್ ಎಲ್ಲ ಹಿಂದಿನ ಒಂದು ಬ್ಯಾರೆಲಿಗೆ ಸುರೀತಾರೆ, ಬ್ಯಾರೆಲಿನ ಬಾಯಿ ತೆರೆದೇ ಇರ್ತದೆ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಹತ್ತಿರ ಮಳೆ ಬರುವ ಊರು. ಆಟಿಯಲ್ಲಿ ಎರಡು ದಿನ ಬಿಡದೆ ಹೊಡೆದ್ರೆ ಬ್ಯಾರೆಲಿಗೆ ನೀರು ತುಂಬ್ತದೆ, ನೀರು ಅಡಿಗೆ ಹೋಗ್ತದೆ, ಆಯಿಲ್ ಮೇಲೆ ಬಂದು ತುಳುಕ್ತದೆ, ಚರಂಡಿಗೆ ಇಳೀತದೆ, ಚರಂಡಿಯಿಂದ ತೋಡಿಗೆ. ಮಳೆಗಾಲದಲ್ಲಿ ತೋಡಿನ ರಭಸಕ್ಕೆ ಕಾಣ್ಲಿಕ್ಕಿಲ್ಲ. ಡಿಸೆಂಬರಿನಲ್ಲಿ ನಾವೆಲ್ಲ ಸೇರಿ ತೋಡಿಗೆ ಕಟ್ಟ ಹಾಕ್ತೇವಲ್ಲ, ಆವಾಗ ಗೊತ್ತಾಗ್ತದೆ. ಹಲಗೆ ಇಟ್ಟು ಮಣ್ಣು ತುಂಬಿಸಿ ನೀರು ನಿಂತದ್ದೇ ತಡ, ಮೇಲೆ ನೇರಳೆ, ಹಳದಿ, ಹಸುರು ಬಣ್ಣದ ಪದರ ಬಂದು ಕೂತ್ಕೊಳ್ತದೆ, ಇಳಿದು ಕೆಲಸ ಮಾಡಿ ಮೇಲೆ ಬಂದ್ರೆ ಮೊಣಕಾಲಿನ ಕೆಳಗೆ ನೀರು ನಿಂತ ಮಟ್ಟಕ್ಕೆ ಸರಿಯಾಗಿ ಕಪ್ಪು ಗೆರೆ. ಸಾಬೂನು ಹಾಕಿದ್ರೆ ಹೋಗುದಿಲ್ಲ, ಸೀಮೆಎಣ್ಣೆ ಹಾಕಿ ತಿಕ್ಕಬೇಕು. ಆ ನೀರೇ ಅಡಿಕೆ ಮರದ ಬುಡಕ್ಕೆ ಹೋಗುದು, ದನ ಕುಡಿಯುದೂ ಅದೇ. ಒಂದು ಕಾರಿನ ಒಂದು ಸಲದ ಆಯಿಲ್ ಚೇಂಜಿನ ಆಯಿಲ್ 10 ಲಕ್ಷ ಗ್ಯಾಲನ್ ಒಳ್ಳೇ ನೀರನ್ನು ಕೆಡಿಸ್ಬಹುದು ಅಂತ ಅಮೆರಿಕದ ಪರಿಸರ ಏಜೆನ್ಸಿ ಹೇಳ್ತದೆ. ಇಲ್ಲಿ ಬ್ಯಾರೆಲ್ ಬ್ಯಾರೆಲೇ ಹೋಗ್ತಾ ಉಂಟು.

ನಮ್ಮ ನೆಲವೂ ಬೇರೆ ತರ. ಮುರಕಲ್ಲು ಅಂದ್ರೆ ತೂತು ತೂತು, ಮೇಲೆ ಸುರಿದದ್ದು ಕೆಳಗೆ ಎಲ್ಲಿ ಹೋಗಿ ಹೊರಡ್ತದೆ ಅಂತ ಹೇಳ್ಲಿಕ್ಕೆ ಬರುದಿಲ್ಲ. ಎಣ್ಮಕಜೆ, ಪೈವಳಿಕೆ, ಬಾಯಾರು ಕಡೆ ಇವತ್ತಿಗೂ ಎಷ್ಟೋ ಮನೆಯವರು ಕುಡಿಯುದು ಸುರಂಗದ ನೀರು. ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗಕ್ಕೆ ನೀರು ಬರುದು ಗುಡ್ಡದ ನೆತ್ತಿಯಿಂದ ಇಂಗಿ. ಆ ನೆತ್ತಿಯಲ್ಲೇ ಈಗ ಮಾರ್ಗ, ಮಾರ್ಗದ ಬದಿಯಲ್ಲೇ ಗ್ಯಾರೇಜು, ಗುಜಿರಿ ಅಂಗಡಿ, ಬಿಟ್ಟುಹೋದ ಕಲ್ಲಿನ ಕೋರೆ. ಕೋರೆಯ ಗುಂಡಿ ಕಂಡ್ರೆ ರಾತ್ರಿ ಟೆಂಪೋ ತಂದು ನಿಲ್ಲಿಸುವವರಿಗೇನು ಕಡಿಮೆ ಇಲ್ಲ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತುಂಟು.

ಬ್ಯಾಟರಿ ಅಂಗಡಿಯದ್ದೂ ಹೀಗೇ. ಹಳೇ ಇನ್‌ವರ್ಟರ್ ಬ್ಯಾಟರಿಗೆ ರೇಟ್ ಸಿಗ್ತದೆ, ಹಾಗಾಗಿ ಬ್ಯಾಟರಿ ಯಾರೂ ಬಿಸಾಡುದಿಲ್ಲ, ಒಳಗಿನ ಆಸಿಡ್ ಮಾತ್ರ ಬಿಸಾಡ್ತಾರೆ. ಗಾಡಿಗೆ ಹಾಕುವಾಗ ಚೆಲ್ತದೆ ಅಂತ ಮೊದ್ಲೇ ಕವುಚಿ ಚರಂಡಿಗೆ ಬಿಡುದು. ಒಂದು ಅಂಗಡಿಯ ಹಿಂದೆ ನೋಡಿ ಬೇಕಾದ್ರೆ, ಸಿಮೆಂಟು ಎದ್ದು ಹೋಗಿ ಜಲ್ಲಿ ಕಾಣ್ತದೆ, ಬದಿಯ ಕೆಸುವಿನ ಗಿಡ ಎಲ್ಲ ಕರಟಿದೆ. ಆಸಿಡಿನ ಜೊತೆ ಹೋಗುದು ಸೀಸ. ಸೀಸ ಇಷ್ಟಿದ್ರೆ ತೊಂದ್ರೆ ಇಲ್ಲ ಅನ್ನುವ ಮಟ್ಟ ಅಂತ ಒಂದು ಇಲ್ಲವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ, ಮಕ್ಕಳ ಬುದ್ಧಿಗೆ ಪೆಟ್ಟು.

ಇಷ್ಟು ಹೇಳಿದ್ಮೇಲೆ ವರ್ಕ್‌ಶಾಪಿನವರ ಪರವಾಗಿಯೂ ಹೇಳ್ಬೇಕು, ಇಲ್ಲಾಂದ್ರೆ ನ್ಯಾಯ ಅಲ್ಲ. ಅವರು ಆ ಆಯಿಲನ್ನು ಎಂತ ಮಾಡ್ಬೇಕು? ಕಾನೂನು ಚೆನ್ನಾಗೇ ಉಂಟು. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಆಯಿಲ್ ಅಪಾಯಕಾರಿ ತ್ಯಾಜ್ಯ, 90 ದಿನಕ್ಕಿಂತ ಹೆಚ್ಚು ಇಟ್ಕೊಳ್ಬಾರ್ದು, ಲೇಬಲ್ ಹಚ್ಬೇಕು, ಪೊಲ್ಯೂಷನ್ ಬೋರ್ಡಿನ ಒಪ್ಪಿಗೆ ಇದ್ದವರಿಗೇ ಕೊಡ್ಬೇಕು, ಕೊಡುವಾಗ ಯಾರಿಂದ ಯಾರಿಗೆ ಎಷ್ಟು ಹೋಯ್ತು ಅಂತ ಬರೆಯುವ ಮ್ಯಾನಿಫೆಸ್ಟ್ ಚೀಟಿ, ಏಳು ಬಣ್ಣದ ಏಳು ಕಾಪಿ. ಏಳು ಬಣ್ಣ! ನಮ್ಮ ಕಟ್ಟದ ನೀರಿನಲ್ಲೂ ಅಷ್ಟು ಬಣ್ಣ ಕಾಣ್ಲಿಕ್ಕಿಲ್ಲ. ಕೇರಳದ ಇಂಥ ಕಸವನ್ನು ಕೊನೆಗೆ ಹೂಳುವ ಜಾಗ ಇರುದು ಕೊಚ್ಚಿಯ ಅಂಬಲಮೇಡಿನಲ್ಲಿ, ನಮಗೆ 400 ಕಿಲೋಮೀಟರ್ ಹತ್ತಿರ. ಮಂಗಳೂರು ಅರ್ಧ ಮುಕ್ಕಾಲು ಗಂಟೆ, ಆದ್ರೆ ತಲಪಾಡಿ ದಾಟಿದ್ರೆ ಅದು ಬೇರೆ ರಾಜ್ಯ. ಹೂಳ್ಲಿಕ್ಕೆ ಅಥವಾ ಸುಡ್ಲಿಕ್ಕೆ ಆಚೆ ಕಳಿಸ್ಬೇಕಾದ್ರೆ ಎರಡೂ ರಾಜ್ಯದ ಬೋರ್ಡಿನ ಎನ್‌ಓಸಿ ಬೇಕು, ರೀಸೈಕಲ್ ಮಾಡ್ಲಿಕ್ಕೆ ಆದ್ರೂ ಎರಡು ಕಡೆಗೂ ಮೊದ್ಲೇ ತಿಳಿಸ್ಬೇಕು. ಮೀನು, ಅಡಿಕೆ, ರೋಗಿಗಳು, ಕಾಲೇಜಿಗೆ ಹೋಗುವ ಮಕ್ಕಳು ಎಲ್ಲ ದಿನಾ ದಾಟ್ತಾರೆ, ಒಂದು ಕ್ಯಾನ್ ಕರಿ ಆಯಿಲಿಗೆ ಮಾತ್ರ ಬಾರ್ಡರ್ ಅಡ್ಡ. ಅಷ್ಟಾಗಿ ದೊಡ್ಡ ರೀಸೈಕ್ಲರಿನವರಿಗೆ ಒಬ್ಬ ಮೆಕ್ಯಾನಿಕ್ಕಿನ ನಲ್ವತ್ತು ಐವತ್ತು ಲೀಟರ್ ಬೇಕಾಗಿಯೂ ಇಲ್ಲ, ಡೀಸೆಲ್ ಖರ್ಚೂ ಹುಟ್ಟುದಿಲ್ಲ ಅವರಿಗೆ. ಹಾಗಾಗಿ ಆ ಆಯಿಲ್ ಹೋಗುದು ಕಾಂಕ್ರೀಟ್ ಸೆಂಟ್ರಿಂಗ್ ಹಲಗೆಗೆ ಬಳೀಲಿಕ್ಕೆ, ಗೆದ್ದಲು ಬಾರದ ಹಾಗೆ ಕಂಬಕ್ಕೆ ಮೆತ್ತಲಿಕ್ಕೆ, ಉಳಿದದ್ದು ತೋಡಿಗೆ.

ಇಲ್ಲಿ ಪಂಚಾಯತಿಗೆ ಮಾಡ್ಲಿಕ್ಕೆ ಕೆಲಸ ಉಂಟು, ದುಡ್ಡು ಕೂಡ ಹೆಚ್ಚು ಬೇಡ. ಹಾಲಿನ ಸೊಸೈಟಿಯಲ್ಲಿ ಒಬ್ಬ ಎರಡು ಲೀಟರ್ ತಂದ್ರೂ ಅಳೆದು ಪುಸ್ತಕದಲ್ಲಿ ಬರೆದು ಒಟ್ಟಿಗೆ ಟ್ಯಾಂಕರಿಗೆ ಹಾಕುದಿಲ್ವಾ, ಹಾಗೇ ತಿಂಗಳಿಗೊಂದು ದಿನ ಗೊತ್ತು ಮಾಡಿ, ಎಲ್ಲ ವರ್ಕ್‌ಶಾಪಿನ ಆಯಿಲ್ ಒಂದು ಕಡೆ ಸೇರಿಸಿ, ಬೋರ್ಡಿನ ಒಪ್ಪಿಗೆ ಇರುವ ಒಬ್ಬ ರೀಸೈಕ್ಲರ್ ಲಾರಿ ತರ್ಲಿ. ನಾಲ್ಕು ಪಂಚಾಯತ್ ಸೇರಿದ್ರೆ ಒಂದು ಲೋಡು ಆಗ್ತದೆ. 2024ರ ಏಪ್ರಿಲಿನಿಂದ ಆಯಿಲ್ ಮಾಡುವ ಕಂಪೆನಿಗಳ ಮೇಲೆಯೇ ಹಳೇ ಆಯಿಲ್ ರೀಸೈಕಲ್ ಮಾಡಿಸುವ ಹೊಣೆ ಹಾಕಿದ್ದಾರೆ, ಬ್ಯಾಟರಿ ಕಂಪೆನಿಗಳಿಗೆ 2022ರ ನಿಯಮದಲ್ಲೇ ಹಾಕಿದ್ದಾರೆ. ಬಿಡಿ ಬಿಡಿ ಮೆಕ್ಯಾನಿಕ್ ಫೋನ್ ಮಾಡಿದ್ರೆ ಅವರು ಯಾರು ನೀನು ಅಂತ ಕೇಳ್ತಾರೆ, ಪಂಚಾಯತಿನ ಸೀಲ್ ಹಾಕಿದ ಲೆಟರ್ ಹೋದ್ರೆ ಮಾತೇ ಬೇರೆ. ಆದ್ರೆ ಯಾವ ವರ್ಕ್‌ಶಾಪಿನಲ್ಲಿ ತಿಂಗಳಿಗೆ ಎಷ್ಟು ಆಯಿಲ್ ಬರ್ತದೆ ಅಂತ ಗೊತ್ತಿಲ್ಲದೆ ಲಾರಿ ಕರೆಯುದು ಹೇಗೆ? ಅದಕ್ಕೇ ಮೊದ್ಲು ಆ ಕಾಗದ ಬೇಕು ಅಂತ ನಾನು ಹೇಳುದು.

ಇದೆಲ್ಲ ಪೊಲ್ಯೂಷನ್ ಬೋರ್ಡಿನ ಕೆಲಸ, ನಮ್ಮದಲ್ಲ ಅಂತ ನೀವು ಹೇಳ್ತೀರಿ, ಹಿಂದೊಮ್ಮೆ ಗ್ರಾಮಸಭೆಯಲ್ಲಿ ಹೀಗೇ ಉತ್ತರ ಸಿಕ್ಕಿತ್ತು. ಬೋರ್ಡಿನವರನ್ನು ಕೇಳಿದ್ರೆ ಜಿಲ್ಲೆಗೆ ಒಂದು ಆಫೀಸು, ನಾವು ಎಷ್ಟು ಕಡೆ ಓಡುದು ಅಂತಾರೆ. ಗ್ಯಾಸಿನದ್ದು, ಪೆಟ್ರೋಲಿನದ್ದು ಸ್ಫೋಟಕ ಇಲಾಖೆಗೆ, ತೋಟಕ್ಕೆ ಹೊಡೆಯುವ ಮದ್ದಿನ ಅಂಗಡಿ ಕೃಷಿ ಇಲಾಖೆಗೆ, ಆಸ್ಪತ್ರೆಯ ಸೂಜಿ ಬ್ಯಾಂಡೇಜು ಪಾಲಕ್ಕಾಡಿನ ಇಮೇಜ್ ಅನ್ನುವ ಆಸ್ಪತ್ರೆ ಕಸದ ಪ್ಲಾಂಟಿಗೆ, ಕಟ್ಟಡ ಪಂಚಾಯತಿಗೆ, ಬೆಂಕಿ ಉಪ್ಪಳದ ಫಯರ್ ಸ್ಟೇಷನಿಗೆ. ಒಬ್ಬೊಬ್ಬರ ಹತ್ರ ಒಂದೊಂದು ಫೈಲು. ಆ ಎಲ್ಲ ಫೈಲಿನವರು ಬಂದು ನಿಲ್ಲುದು ಒಂದೇ ಅಂಗಡಿಯ ಎದುರು, ಆ ಅಂಗಡಿಗೆ ಲೈಸನ್ಸ್ ಕೊಡುದು ನೀವೊಬ್ಬರೇ. ಮತ್ತೆ ಇನ್ನೊಂದು, ಮನೆಯ ಅಪಾಯದ ಕಸಕ್ಕೆ, ಅಂದ್ರೆ ಪೈಂಟಿನ ಡಬ್ಬ, ಮದ್ದಿನ ಬಾಟ್ಲಿ, ಸಿಎಫ್ಎಲ್ ಬಲ್ಬು ಇಂಥದ್ದಕ್ಕೆ, ಪೇಟೆಗಳಲ್ಲಿ 20 ಚದರ ಕಿಲೋಮೀಟರಿಗೆ ಒಂದರಂತೆ ಸೆಂಟರ್ ಮಾಡ್ಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲಿ ಸ್ಥಳೀಯ ಸಂಸ್ಥೆಗಳಿಗೇ ಬರೆದಿತ್ತು. ನಮ್ಮಲ್ಲಿ ನಾನು ಕಂಡ ಒಂದೇ ಸೆಂಟರ್ ಅಂದ್ರೆ ಒಂದು ಸರ್ಕಾರಿ ಆಫೀಸಿನ ಮೆಟ್ಟಿಲಡಿ, ಬೀದಿದೀಪದಿಂದ ಕಳಚಿದ ಪಾದರಸದ ಟ್ಯೂಬುಗಳ ರಾಶಿ, ಅರ್ಧ ಒಡೆದದ್ದು, ಅದರ ಮೇಲೆ ಯಾರೋ ಹೆಲ್ಮೆಟ್ ಇಟ್ಟು ಹೋಗಿದ್ದರು.

ಬೇರೆ ಕಡೆ ಹೇಗೆ ಮಾಡ್ತಾರೆ ಅಂತ ಕೇಳಿದ್ರೆ ಹೇಳ್ತೇನೆ. ನನ್ನ ಅಕ್ಕನ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ, ಅವನು ಹೇಳಿದ ಮೇಲೆ ಕೂತು ಓದಿದೆ. ಅಲ್ಲಿ 1993ರ ಕಾನೂನಿನಿಂದ ಈ ಬೇರೆ ಬೇರೆ ಇಲಾಖೆಯ ಕೆಲಸ ಎಲ್ಲ ಒಟ್ಟುಮಾಡಿ ಊರಿನ ಒಂದೇ ಲೋಕಲ್ ಆಫೀಸಿಗೆ ಕೊಟ್ಟಿದ್ದಾರೆ, ಕೆಲವು ಕಡೆ ಅದು ಕೌಂಟಿಯ ಆರೋಗ್ಯ ಇಲಾಖೆ, ಕೆಲವು ಕಡೆ ಫಯರ್ ಇಲಾಖೆ. ಅಂಗಡಿಯವನು 55 ಗ್ಯಾಲನ್, ಅಂದ್ರೆ ನಮ್ಮ ಒಂದು ಬ್ಯಾರೆಲ್, ಅಷ್ಟು ಅಪಾಯದ ದ್ರವ ಇಟ್ರೆ, ಇಲ್ಲಾ 500 ಪೌಂಡ್ ಘನ ವಸ್ತು ಇಟ್ರೆ, ಇಲ್ಲಾ 200 ಘನ ಅಡಿ ಗ್ಯಾಸ್ ಇಟ್ರೆ ಲಿಸ್ಟ್ ಕೊಡ್ಲೇಬೇಕು, ಯಾವ ಮೂಲೆಯಲ್ಲಿ ಎಂತ ಉಂಟು ಅಂತ ನಕ್ಷೆ ಸಮೇತ. ಮೂರು ವರ್ಷಕ್ಕೆ ಒಮ್ಮೆಯಾದ್ರೂ ಬಂದು ನೋಡ್ತಾರೆ. ಆ 200 ಘನ ಅಡಿ ಅಂದ್ರೆ ಎಷ್ಟು ಗೊತ್ತುಂಟಾ? ನಮ್ಮ ವೆಲ್ಡಿಂಗ್ ಶಾಪಿನ ಒಂದು ದೊಡ್ಡ ಆಕ್ಸಿಜನ್ ಸಿಲಿಂಡರಿನಲ್ಲಿ 7 ಘನ ಮೀಟರ್ ಇರ್ತದೆ, ಅದೊಂದೇ 247 ಘನ ಅಡಿ ಆಯ್ತು. ಅಲ್ಲಿಯ ಲೆಕ್ಕದಲ್ಲಿ ನಮ್ಮ ಊರಿನ ಎಲ್ಲ ವೆಲ್ಡಿಂಗಿನವರೂ ಲಿಸ್ಟ್ ಕೊಡುವವರೇ. ಮತ್ತೆ ಬಾಗಿಲಿಗೆ ಒಂದು ವಜ್ರಾಕಾರದ ಬೋರ್ಡ್, ನೀಲಿಯಲ್ಲಿ ಆರೋಗ್ಯಕ್ಕೆ ಎಷ್ಟು ಕೆಟ್ಟದ್ದು, ಕೆಂಪಿನಲ್ಲಿ ಬೆಂಕಿ ಎಷ್ಟು ಬೇಗ ಹಿಡೀತದೆ, ಹಳದಿಯಲ್ಲಿ ಎಷ್ಟು ಸಿಡೀತದೆ ಅಂತ 0ಯಿಂದ 4ರವರೆಗೆ ಅಂಕಿ. ಓದು ಬಾರದವನಿಗೂ 4 ಅಂದ್ರೆ ದೂರ ನಿಲ್ಬೇಕು ಅಂತ ಒಂದೇ ದಿನದಲ್ಲಿ ಕಲಿಸ್ಬಹುದು. ಅಂಥ ಬೋರ್ಡ್ ಮಾಡ್ಲಿಕ್ಕೆ ಬೇಕಾದ ಬಣ್ಣ ನನ್ನ ಅಂಗಡಿಯಲ್ಲೇ ಉಂಟು.

ಹೊಟ್ಟೆ ಉರಿಯುದು ಇನ್ನೊಂದಕ್ಕೆ. ಅಮೆರಿಕದವರಿಗೆ ಇದೆಲ್ಲ ಜೋರಾಗಿ ನೆನಪಾದದ್ದು ಭೋಪಾಲ್ ಆದ ಮೇಲೆ. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿಯ ಯೂನಿಯನ್ ಕಾರ್ಬೈಡ್ ಕಂಪೆನಿಯ ಫ್ಯಾಕ್ಟರಿಯಿಂದ ಸುಮಾರು 40 ಟನ್ ವಿಷದ ಗ್ಯಾಸು ಹೊರಗೆ ಬಂತು, ಬದಿಯ ಗುಡಿಸಲಿನವರಿಗೆ ಅದು ಎಂತದು ಅಂತಲೇ ಗೊತ್ತಿರ್ಲಿಲ್ಲ, ಆಸ್ಪತ್ರೆಯ ಡಾಕ್ಟ್ರಿಗೂ ಗೊತ್ತಿರ್ಲಿಲ್ಲ. ಮರುವರ್ಷ ಅದೇ ಕಂಪೆನಿಯ ವೆಸ್ಟ್ ವರ್ಜೀನಿಯಾದ ಪ್ಲಾಂಟಿನಲ್ಲೂ ಲೀಕ್ ಆಯ್ತು, 1986ರಲ್ಲಿ ಅವರು ಊರಿನ ಜನರಿಗೆ ತಿಳಿಯುವ ಹಕ್ಕು ಅಂತ ಕಾನೂನೇ ಮಾಡಿದ್ರು. ಸತ್ತದ್ದು ನಮ್ಮವರು, ಲಿಸ್ಟ್ ಸಿಕ್ಕಿದ್ದು ಅವರಿಗೆ. ನಮ್ಮಲ್ಲಿಯೂ 1986ರಲ್ಲಿ ಪರಿಸರ ಕಾಯ್ದೆ ಬಂತು, 1989ರಲ್ಲಿ ಅಪಾಯಕಾರಿ ರಾಸಾಯನಿಕದ ನಿಯಮ, 1996ರಲ್ಲಿ ಜಿಲ್ಲೆಗೆ, ಊರಿಗೆ ಕ್ರೈಸಿಸ್ ಗ್ರೂಪ್ ಅಂತ ಅಪಘಾತ ಆದ್ರೆ ನೋಡ್ಕೊಳ್ಳುವ ಸಮಿತಿ ಬಂತು, ಆದ್ರೆ ಅದೆಲ್ಲ ಟನ್‌ಗಟ್ಟಲೆ ಇಡುವ ದೊಡ್ಡ ಫ್ಯಾಕ್ಟರಿಗೆ. ನಮ್ಮಂಥ ಸಣ್ಣ ಪೇಟೆಯವರು ಆ ಜರಡಿಯಲ್ಲಿ ಕೆಳಗೆ ಉದುರಿ ಹೋದೆವು. ಭೋಪಾಲಿನ ಫ್ಯಾಕ್ಟರಿಯೊಳಗಿನ 337 ಟನ್ ಕಸ ಅಲ್ಲಿಂದ ಹೊರಟದ್ದು 2025ರ ಜನವರಿಯಲ್ಲಿ, 40 ವರ್ಷ ಆದ ಮೇಲೆ.

ಭೋಪಾಲ್ ದೂರ ಆಯ್ತು, ನಮ್ಮದನ್ನೇ ನೋಡುವ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟದ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟದ ಮದ್ದು ಸುರಿದರು, 4,500 ಹೆಕ್ಟೇರಿಗಿಂತ ಹೆಚ್ಚು ಜಾಗ. ಅದರಿಂದ ಜನರಿಗೆ ಆದ ಕಷ್ಟವನ್ನು ಪಡ್ರೆ, ವಾಣಿನಗರ, ಸ್ವರ್ಗ ಕಡೆಯವರಿಗೆ ನಾನು ಹೇಳ್ಲಿಕ್ಕಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ನಿಲ್ಲಿಸ್ತು, 2017ರಲ್ಲಿ ತಲಾ 5 ಲಕ್ಷ ಪರಿಹಾರ ಕೊಡಿ ಅಂತ ಹೇಳ್ತು. ಇದೆಲ್ಲ ಎಲ್ಲರಿಗೂ ಬಾಯಿಪಾಠ. ನಾನು ಹೇಳುದು ಸುರಿದದ್ದರ ಬಗ್ಗೆ ಅಲ್ಲ, ಉಳಿದದ್ದರ ಬಗ್ಗೆ. ನಿಲ್ಲಿಸಿದ ಮೇಲೆ ಉಳಿದ ಬ್ಯಾರೆಲುಗಳು ಪೆರಿಯ, ರಾಜಪುರಂ, ಚೀಮೇನಿಯ ಗೋಡೌನುಗಳಲ್ಲಿ ವರ್ಷಗಟ್ಟಲೆ ಕೂತವು, ಹಳೇ ಬ್ಯಾರೆಲು ತುಕ್ಕು ಹಿಡಿದು 2012ರಲ್ಲಿ ಬೇರೆ ಬ್ಯಾರೆಲಿಗೆ ತುಂಬಿಸ್ಬೇಕಾಯ್ತು. ಮಿಂಚಿನಪದವಿನಲ್ಲಿ ಹಾಳುಬಾವಿಗೆ ಹಾಕಿ ಮುಚ್ಚಿದ್ದಾರೆ ಅನ್ನುವ ದೂರು ಪರಿಸರದ ಕೇಸು ನೋಡುವ ರಾಷ್ಟ್ರೀಯ ಹಸಿರು ಪೀಠದವರೆಗೆ ಹೋಯ್ತು. ಸುರಿಯುವ ದಿನವೇ ಎಷ್ಟು ಬಂತು, ಎಷ್ಟು ಖರ್ಚಾಯ್ತು, ಎಷ್ಟು ಉಳೀತು, ಎಲ್ಲಿ ಇಟ್ಟದ್ದು ಅಂತ ಆ ಊರಿನ ಪಂಚಾಯತಿನಲ್ಲಿ ಒಂದು ಪುಸ್ತಕ ಇದ್ದಿದ್ರೆ ಇಷ್ಟು ವರ್ಷ ಆದ ಮೇಲೆ ಮಣ್ಣು ಅಗೆದು ಸ್ಯಾಂಪಲ್ ತೆಗೆಯುವ ಕೆಲಸ ಇತ್ತಾ?

ಮದ್ದಿನ ಅಂಗಡಿಯ ಕತೆ ಸ್ವಲ್ಪದರಲ್ಲಿ ಹೇಳಿ ಬಿಡ್ತೇನೆ. ಕೇರಳ 2011ರಲ್ಲಿ ಫ್ಯುರಡಾನ್, ಫೊರೇಟ್, ಪ್ಯಾರಾಕ್ವಾಟ್ ಇಂಥದ್ದನ್ನೆಲ್ಲ ನಿಲ್ಲಿಸ್ತು. ಹುಲ್ಲು ಸಾಯಿಸುವ ಮದ್ದು ಬೇಕಾದವರು ಬಾರ್ಡರ್ ದಾಟಿ ಆಚೆಯಿಂದ ತರ್ತಾರೆ, ಲೇಬಲ್ ಕಿತ್ತ ಕ್ಯಾನು ಬೈಕಿನ ಎದುರು ಇಟ್ಕೊಂಡು ಬರುದನ್ನು ನೋಡದವರು ಯಾರಿದ್ದಾರೆ. ಹೋಟೆಲಿನ ಗ್ಯಾಸ್ ಇನ್ನೊಂದು. 100 ಕಿಲೋವರೆಗೆ ಲೈಸನ್ಸ್ ಬೇಡ, 19 ಕಿಲೋದ ಸಿಲಿಂಡರ್ ಐದು ಆದ್ರೆ 95, ಆರನೆಯದ್ದು ಇಟ್ರೆ ಲೆಕ್ಕ ತಪ್ಪಿತು. ಹೋಟೆಲಿನ ಹಿಂದೆ ಹೋಗಿ ಎಣಿಸಿ ನೋಡಿ, ಖಾಲಿದು ಯಾವುದು ತುಂಬಿದ್ದು ಯಾವುದು ಅಂತ ಅಲ್ಲಿಯ ಸಪ್ಲಾಯರಿಗೇ ಗೊತ್ತಿರುದಿಲ್ಲ.

ಐಸ್ ಪ್ಲಾಂಟಿನ ವಿಷಯ ಮಾತ್ರ ಬಿಡ್ಲಿಕ್ಕಾಗುದಿಲ್ಲ. ಕಡಲ ಬದಿಯಲ್ಲಿ ಮೀನಿಗೆ ಐಸ್ ಮಾಡುವಲ್ಲಿ ಹೆಚ್ಚಾಗಿ ಇರುದು ಅಮೋನಿಯಾ. ಸ್ವಲ್ಪ ಲೀಕ್ ಆದ್ರೂ ಮೂಗಿಗೆ ಹೊಡೀತದೆ, ಅದು ಒಳ್ಳೇದೇ, ಮೊದ್ಲೇ ಗೊತ್ತಾಗ್ತದೆ. 300 ಪಿಪಿಎಂ, ಅಂದ್ರೆ ಗಾಳಿಯ 10 ಲಕ್ಷ ಭಾಗದಲ್ಲಿ 300 ಭಾಗ, ದಾಟಿದ್ರೆ ಜೀವಕ್ಕೇ ಅಪಾಯ. ಅದು ಗಾಳಿಗಿಂತ ಹಗುರ, ಆದ್ರೆ ಲೀಕ್ ಆದ ಹೊತ್ತಿಗೆ ತಣ್ಣಗಿರ್ತದೆ, ನಮ್ಮ ಕಡಲ ಬದಿಯ ತೇವದ ಗಾಳಿಗೆ ಸೇರಿ ಬಿಳೀ ಹೊಗೆಯ ಹಾಗೆ ನೆಲದ ಮೇಲೆಯೇ ಬರ್ತದೆ. ಒದ್ದೆ ಬಟ್ಟೆ ಮೂಗಿಗೆ ಹಿಡಿದು, ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ಹೋಗ್ಬೇಕು, ಗಾಳಿಯ ಜೊತೆಗೇ ಓಡಿದ್ರೆ ಹೊಗೆಯೂ ಒಟ್ಟಿಗೇ ಬರ್ತದೆ. ಈ ನಾಲ್ಕು ಮಾತು ಪ್ಲಾಂಟಿನ ಬದಿಯ ಮನೆಯ ಅಮ್ಮಂದಿರಿಗೆ, ಅಂಗನವಾಡಿ ಟೀಚರಿಗೆ ಯಾರಾದ್ರೂ ಹೇಳಿದ್ದಾರಾ? ನಾನು ಕೇಳಿದ ಮನೆಯವರಿಗೆ ಹೇಳಿಲ್ಲ.

ಹೇಳುದಾದ್ರೆ ಯಾವ ಭಾಷೆಯಲ್ಲಿ ಅನ್ನುದೂ ಮುಖ್ಯ. ಅಪಾಯದ ಕಸದ ಡ್ರಮ್ಮಿಗೆ ಹಚ್ಚುವ ಹಳದಿ ಲೇಬಲಿನಲ್ಲಿ ಹಿಂದಿ, ಇಂಗ್ಲಿಷ್, ಮತ್ತೆ ಊರಿನ ಭಾಷೆಯಲ್ಲಿ ಕೆಂಪಕ್ಷರದಲ್ಲಿ ಬರೀಬೇಕು ಅಂತ ಕೇಂದ್ರದ ನಿಯಮವೇ ಹೇಳ್ತದೆ. ಮಂಜೇಶ್ವರದಲ್ಲಿ, ಬದಿಯಡ್ಕದಲ್ಲಿ, ಪೆರ್ಲದಲ್ಲಿ ಊರಿನ ಭಾಷೆ ಅಂದ್ರೆ ಕನ್ನಡವೂ ಸೇರ್ಬೇಕಲ್ಲ? ಭಾಷೆ ಜಗಳಕ್ಕೆ ನಾನು ಬಂದದ್ದಲ್ಲ, ಮಲಯಾಳವೂ ಇರ್ಲಿ, ಒಡಿಶಾದ ಹುಡುಗರಿಗೆ ಚಿತ್ರವೂ ಇರ್ಲಿ. ಕನ್ನಡ ಮೀಡಿಯಂನಲ್ಲಿ ಓದಿ, ಹತ್ತನೇ ಕ್ಲಾಸಿನ ನಂತರ ವರ್ಕ್‌ಶಾಪಿಗೆ ಸೇರಿದ ಹುಡುಗನಿಗೆ ತಾನು ಕೈ ಹಾಕುವ ಡ್ರಮ್ಮಿನಲ್ಲಿ ಎಂತ ಉಂಟು ಅಂತ ಓದ್ಲಿಕ್ಕೆ ಬರ್ಬೇಕು ಅಂತ ಅಷ್ಟೇ.

ವ್ಯಾಪಾರಿಗಳು ನನ್ನ ಮೇಲೆ ಸಿಟ್ಟಾಗ್ತಾರೆ, ಗೊತ್ತುಂಟು. ನೀನು ಅಂಗಡಿಯವನಾಗಿ ಅಂಗಡಿಯವರ ಹೊಟ್ಟೆ ಮೇಲೆ ಹೊಡೀತೀಯಾ, ಇದು ಆಫೀಸರುಗಳಿಗೆ ಕೈ ಬೆಚ್ಚಗೆ ಮಾಡ್ಲಿಕ್ಕೆ ಇನ್ನೊಂದು ದಾರಿ ಅಂತ ಈಗಾಗ್ಲೇ ಒಬ್ಬರು ಹೇಳಿದ್ರು. ಅವರ ಮಾತಿನಲ್ಲಿ ಅರ್ಥ ಇಲ್ಲ ಅಂತ ಅಲ್ಲ. ಅದಕ್ಕೇ ಪ್ರೆಸಿಡೆಂಟ್ರೇ, ಇದಕ್ಕೆ ಫೀಸ್ ಇಡ್ಬೇಡಿ, ಮೊದಲ ವರ್ಷ ಫೈನೂ ಬೇಡ, ಅಂಗಡಿಯವನೇ ತನ್ನ ಕೈಯಲ್ಲಿ ಬರೆದು ಸೈನ್ ಹಾಕಿ ಕೊಡ್ಲಿ. ಎಲ್ಲರ ಎದುರು ತೂಗಿದ ಕಾಗದಕ್ಕೆ ಯಾರಿಗೂ ಲಂಚ ಕೇಳ್ಲಿಕ್ಕೆ ಆಗುದಿಲ್ಲ, ಫೈಲಿನೊಳಗೆ ಇರುವ ಕಾಗದಕ್ಕೇ ಅದೆಲ್ಲ ಬರುದು. ಮತ್ತೆ ನಮಗೆ ಇದು ಹೊಸತೂ ಅಲ್ಲ. ಆಸಿಡ್ ಮಾರುವವರು ರಿಜಿಸ್ಟರ್ ಇಡ್ಬೇಕು, ಐಡಿ ನೋಡ್ಬೇಕು, 18 ಆಗದವರಿಗೆ ಕೊಡ್ಬಾರ್ದು, ಸ್ಟಾಕ್ ಎಷ್ಟುಂಟು ಅಂತ ಎಸ್‌ಡಿಎಂಗೆ, ಅಂದ್ರೆ ಸಬ್ ಡಿವಿಷನಲ್ ಮ್ಯಾಜಿಸ್ಟ್ರೇಟರಿಗೆ ತಿಳಿಸ್ಬೇಕು, ತಪ್ಪಿದ್ರೆ 50,000 ರೂಪಾಯಿವರೆಗೆ ದಂಡ ಅಂತ 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿ ಆಗಿದೆ. ಒಂದು ವಸ್ತುವಿಗೆ ಆಗುದು ಹತ್ತು ವಸ್ತುವಿಗೆ ಯಾಕೆ ಆಗುದಿಲ್ಲ?

ಬೇರೆಯವರಿಗೆ ಹೇಳುವ ಮೊದ್ಲು ನನ್ನದನ್ನು ಬರೀತೇನೆ. ನನ್ನ ಅಂಗಡಿಯ ಹಿಂದಿನ ಕೋಣೆಯ ಎಡಗಡೆ ಗೋಡೆಗೆ ತಾಗಿ ತಿನ್ನರ್ 60 ಲೀಟರ್, ಟರ್ಪೆಂಟೈನ್ 20 ಲೀಟರ್, ಎನಾಮಲ್ ಪೈಂಟ್ ಹೆಚ್ಚೂ ಕಡಿಮೆ 200 ಲೀಟರ್. ಟಾಯ್ಲೆಟ್ ತೊಳೆಯುವ ಆಸಿಡ್ ಮೂರು ಪೆಟ್ಟಿಗೆ, ಅದನ್ನು ಈಗ ಹೊರಗಿನ ಶೆಡ್ಡಿಗೆ ಹಾಕಿದ್ದೇನೆ, ಬ್ಲೀಚಿಂಗ್ ಪೌಡರ್ ಎರಡು ಗೋಣಿ ಎದುರುಗಡೆ ಮರದ ಹಲಗೆಯ ಮೇಲೆ. ಪಿವಿಸಿ ಪೈಪಿಗೆ ಹಚ್ಚುವ ಅಂಟಿನ ಡಬ್ಬ ಒಂದು ಕಾರ್ಟನ್. ಮೈಲುತುತ್ತು ಸೀಸನ್‌ನಲ್ಲಿ ಮಾತ್ರ, ನಾಲ್ಕೈದು ಚೀಲ. ಮೈನ್ ಸ್ವಿಚ್ ಬಾಗಿಲಿನ ಬಲಗಡೆ ಹೊರಗೆ. ಹಿಂದಿನ ಬಾಗಿಲಿಗೆ ರಾತ್ರಿ ಒಳಗಿನಿಂದ ಚಿಲಕ, ಕೀ ಬದಿಯ ಬೇಕರಿಯವರ ಹತ್ರವೂ ಉಂಟು. ಒಣಗಿದ ಪೈಂಟಿನ ಡಬ್ಬ ಗುಜಿರಿಯವರಿಗೆ ಹೋಗ್ತದೆ, ಅವರು ಎಂತ ಮಾಡ್ತಾರೆ ಅಂತ ನನಗೆ ಗೊತ್ತಿಲ್ಲ, ಅದನ್ನೂ ಹಾಗೇ ಬರೆದಿದ್ದೇನೆ. ಇದನ್ನು ಬರೀಲಿಕ್ಕೆ ಒಂದು ಚಾ ಕುಡಿಯುವಷ್ಟು ಹೊತ್ತೂ ಬೇಕಾಗ್ಲಿಲ್ಲ. ಕಾಗದ ಅಂಗಡಿ ಎದುರು ಹಚ್ಚಿ ಆಗಿದೆ, ಗಿರಾಕಿಗಳು ಓದ್ತಾರೆ, ಒಬ್ಬರು ಮೊನ್ನೆ ಓದಿ ಬೀಡಿ ನಂದಿಸಿ ಒಳಗೆ ಬಂದ್ರು.

ಲೈಸನ್ಸ್ ರಿನ್ಯೂ ಮಾಡುವ ಸಮಯ ಮಾರ್ಚ್ 31ಕ್ಕೆ ಮುಗೀತದೆ. ಅದಕ್ಕಿಂತ ಮೊದ್ಲು ಒಂದು ಪಂಚಾಯತ್ ಬೋರ್ಡ್ ಮೀಟಿಂಗಿನಲ್ಲಿ ಇದನ್ನು ಇಡಿ, ಪೊಲ್ಯೂಷನ್ ಬೋರ್ಡಿನ ಜಿಲ್ಲಾ ಆಫೀಸಿನಿಂದ ಒಬ್ಬರನ್ನು, ಫಯರ್ ಸ್ಟೇಷನಿನಿಂದ ಒಬ್ಬರನ್ನು, ವ್ಯಾಪಾರಿ ಸಮಿತಿಯಿಂದ ಇಬ್ಬರನ್ನು ಕರೀರಿ. ಕಾಗದ ಹೇಗಿರ್ಬೇಕು ಅಂತ ಕೂತು ಮಾತಾಡುವ, ಒಂದು ಪುಟ ದಾಟುದು ಬೇಡ. ಶುರು ಮಾಡುದಾದ್ರೆ ವರ್ಕ್‌ಶಾಪು, ಬ್ಯಾಟರಿ ಅಂಗಡಿ, ವೆಲ್ಡಿಂಗ್, ಗುಜಿರಿ, ಮದ್ದಿನ ಅಂಗಡಿ, ಐಸ್ ಪ್ಲಾಂಟ್ ಇಷ್ಟರಿಂದ ಶುರು ಮಾಡಿ, ಬಟ್ಟೆ ಅಂಗಡಿಯವರನ್ನು ಈಗಲೇ ಎಬ್ಬಿಸುದು ಬೇಡ. ಇದೇ ವಿಷಯ ಬರೆದು ಫ್ರಂಟ್ ಆಫೀಸಿನಲ್ಲಿ ಅರ್ಜಿಯೂ ಕೊಟ್ಟಿದ್ದೇನೆ, ಕನ್ನಡದಲ್ಲೇ ಕೊಟ್ಟದ್ದು, ರಶೀದಿ ನನ್ನ ಹತ್ರ ಉಂಟು. ಉತ್ತರ ಕನ್ನಡದಲ್ಲಿ ಬಂದ್ರೆ ಸಂತೋಷ, ಮಲಯಾಳದಲ್ಲಿ ಬಂದ್ರೂ ಓದಿಸಿಕೊಳ್ತೇನೆ, ಬರ್ಲಿ ಮಾತ್ರ.

ಇತಿ,
ಹಾರ್ಡ್‌ವೇರ್ ಅಂಗಡಿಯವ, ಮಂಜೇಶ್ವರ ತಾಲೂಕು